ಫೈಲ್ ಹಿಡಿದುಕೊಂಡವರು ಯಾರು?

(ಸಿಸ್ಟಮ್ ನೋಡಿಕೊಳ್ಳುವ ಗೆಳೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಫೈಲ್ ಅಳಿಸಬೇಕು. ಡಿಲೀಟ್ ಒತ್ತುತ್ತೀರಿ. ವಿಂಡೋಸ್ ಒಪ್ಪುವುದಿಲ್ಲ. ಈ ಫೈಲನ್ನು ಇನ್ನೊಂದು ಪ್ರೋಗ್ರಾಂ ಬಳಸುತ್ತಿದೆ, ಅದನ್ನು ಮುಚ್ಚಿ ಬನ್ನಿ ಅನ್ನುತ್ತದೆ. ಯಾವ ಪ್ರೋಗ್ರಾಂ ಅಂತ ಕೆಲವೊಮ್ಮೆ ಹೇಳುತ್ತದೆ, ಬಹಳ ಸಲ ಹೇಳುವುದಿಲ್ಲ. ನೀವು ವರ್ಡ್ ಮುಚ್ಚುತ್ತೀರಿ, ಬ್ರೌಸರ್ ಮುಚ್ಚುತ್ತೀರಿ, ಕೊನೆಗೆ ಬೇಸತ್ತು ರೀಸ್ಟಾರ್ಟ್ ಮಾಡುತ್ತೀರಿ. ನಿಮ್ಮ ಸ್ವಂತ ಲ್ಯಾಪ್‌ಟಾಪ್ ಆದರೆ ಕಥೆ ಅಲ್ಲಿಗೆ ಮುಗಿಯಿತು.

ರಾತ್ರಿ ಎರಡು ಗಂಟೆಗೆ ತಾನಾಗಿ ಓಡುವ ಸ್ಕ್ರಿಪ್ಟಿಗೆ, ಅಂದರೆ ಮೊದಲೇ ಬರೆದಿಟ್ಟ ಕಮಾಂಡುಗಳ ಸಾಲಿಗೆ, ಹಾಗಲ್ಲ. ಅದರ ಮುಂದೆ ಯಾರೂ ಕೂತಿರುವುದಿಲ್ಲ. ಸರ್ವರನ್ನು ರೀಸ್ಟಾರ್ಟ್ ಮಾಡುವ ಹಾಗೂ ಇಲ್ಲ. ಹಿಡಿದವರು ಯಾರು, ಕಾಯಬೇಕೋ ಕೇಳಬೇಕೋ ಕಿತ್ತುಕೊಳ್ಳಬೇಕೋ ಅಂತ ಅದೇ ತೀರ್ಮಾನ ಮಾಡಬೇಕು. ನಾನು ಇವತ್ತು ಹೇಳಲು ಬಂದಿರುವುದು ಈ ತೀರ್ಮಾನದ ಬಗ್ಗೆ. ಫೈಲನ್ನು ಬಿಡಿಸುವ ಸ್ಕ್ರಿಪ್ಟ್‌ಗಳು ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಜಾಸ್ತಿ ಪಾಲು ನೇರವಾಗಿ ಕಿತ್ತುಕೊಳ್ಳಲು ಹೋಗುತ್ತವೆ. ಅದರಿಂದ ಏನಾಗುತ್ತದೆ ಅಂತ ನಾನು ಒಂದು ಸಲ ಅನುಭವಿಸಿದ್ದೇನೆ. ಅದನ್ನೂ ಹೇಳುತ್ತೇನೆ.

ಮೊದಲು, 'ಲಾಕ್ ಆಗಿದೆ' ಅಂದರೆ ಏನು ಅಂತ ನೋಡೋಣ. ಫೈಲ್‌ಗೆ ಬಹಳ ಸಲ ಬೀಗ ಅಂತ ಪ್ರತ್ಯೇಕವಾಗಿ ಏನೂ ಹಾಕಿರುವುದಿಲ್ಲ. ಪ್ರೋಗ್ರಾಂ ಒಂದು ಫೈಲ್ ಬೇಕು ಅಂದಾಗ ಆಪರೇಟಿಂಗ್ ಸಿಸ್ಟಮ್ ಅದನ್ನು ತೆರೆದು, ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಗೆ ಹ್ಯಾಂಡಲ್ ಅನ್ನುತ್ತಾರೆ. ಮುಂದೆ ಓದುವುದು, ಬರೆಯುವುದು ಎಲ್ಲ ಆ ಸಂಖ್ಯೆ ತೋರಿಸಿಯೇ. ಕೌಂಟರಿನಲ್ಲಿ ಕೊಡುವ ಟೋಕನ್ ಇದ್ದ ಹಾಗೆ. ಓಡುತ್ತಿರುವ ಪ್ರೋಗ್ರಾಂಗೆ ಪ್ರೊಸೆಸ್ ಅನ್ನುತ್ತಾರೆ. ಪ್ರತಿ ಪ್ರೊಸೆಸ್‌ಗೂ ತನ್ನದೇ ಹ್ಯಾಂಡಲ್ ಪಟ್ಟಿ ಇರುತ್ತದೆ. ವಿಂಡೋಸ್‌ನಲ್ಲಿ ಈ ಸಂಖ್ಯೆಗಳು ನಾಲ್ಕರ ಮಗ್ಗಿಯಲ್ಲಿ ಬರುತ್ತವೆ: 4, 8, 12, ಹೀಗೆ. ನನ್ನ ಪ್ರೊಸೆಸ್‌ನ 420 ಬೇರೆ, ನಿಮ್ಮ ಪ್ರೊಸೆಸ್‌ನ 420 ಬೇರೆ. ಈ 420 ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಫೈಲ್ ತೆರೆಯುವಾಗ ಪ್ರೋಗ್ರಾಂ ಎರಡು ಮಾತು ಹೇಳುತ್ತದೆ. ನಾನು ಏನು ಮಾಡುತ್ತೇನೆ ಅನ್ನುವುದು ಒಂದು. ನಾನು ಹಿಡಿದಿರುವಾಗ ಬೇರೆಯವರು ಏನು ಮಾಡಬಹುದು ಅನ್ನುವುದು ಇನ್ನೊಂದು. ಈ ಎರಡನೆಯದಕ್ಕೆ ವಿಂಡೋಸ್‌ನಲ್ಲಿ ಷೇರ್ ಮೋಡ್ ಅಂತ ಹೆಸರು. ಓದಲು ಬಿಡುತ್ತೇನೆ ಅಂದರೆ 1, ಬರೆಯಲು ಬಿಡುತ್ತೇನೆ ಅಂದರೆ 2, ಅಳಿಸಲು ಅಥವಾ ಹೆಸರು ಬದಲಿಸಲು ಬಿಡುತ್ತೇನೆ ಅಂದರೆ 4. ಇವನ್ನು ಕೂಡಿಸಿ ಹೇಳಬಹುದು. 0 ಅಂದರೆ ಯಾರೂ ಹತ್ತಿರ ಬರಬೇಡಿ ಅಂತ.

ಇಲ್ಲಿ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಪರೀಕ್ಷೆ ಎರಡೂ ಕಡೆಯಿಂದ ನಡೆಯುತ್ತದೆ. ಮೊದಲು ಬಂದವನು ನಿಮ್ಮನ್ನು ಬಿಟ್ಟರೆ ಸಾಲದು, ನೀವೂ ಅವನನ್ನು ಬಿಡಬೇಕು. ಒಂದು ಸರ್ವಿಸ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಲಾಗ್ ಫೈಲ್, ಅಂದರೆ ನಡೆದದ್ದನ್ನೆಲ್ಲ ದಾಖಲಿಸುವ ಫೈಲ್, ತೆರೆದು ಬರೆಯುತ್ತಿದೆ ಅಂದುಕೊಳ್ಳಿ. ಬೇರೆಯವರು ಓದಬಹುದು ಅಂತ ಅದು ಒಪ್ಪಿದೆ. ನೀವು ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ಸಲಕರಣೆ ಡಾಟ್ ನೆಟ್‌ನ ರೀಡ್ ಆಲ್ ಟೆಕ್ಸ್ಟ್ ಫಂಕ್ಷನ್ ಬಳಸಿ ಓದಲು ಹೋಗುತ್ತೀರಿ. ಆಗಲ್ಲ, ಬೇರೆಯವರು ಬಳಸುತ್ತಿದ್ದಾರೆ ಅಂತ ತಪ್ಪು ತೋರಿಸುತ್ತದೆ. ಯಾಕೆ? ಆ ಫಂಕ್ಷನ್ ಫೈಲ್ ತೆರೆಯುವಾಗ, ನಾನು ಓದುವ ತನಕ ಬೇರೆಯವರು ಓದಬಹುದು ಅಷ್ಟೇ, ಬರೆಯುವ ಹಾಗಿಲ್ಲ ಅನ್ನುತ್ತದೆ. ಆದರೆ ಆ ಸರ್ವಿಸ್ ಆಗಲೇ ಬರೆಯುತ್ತಿದೆ! ಮಾತು ಮುರಿದಿದ್ದು ನಮ್ಮ ಕಡೆಯಿಂದ. ಅದೇ ಫೈಲನ್ನು ಓಪನ್ ಫಂಕ್ಷನ್ ಬಳಸಿ, ನನಗೆ ಓದಲು ಬೇಕು, ಬೇರೆಯವರು ಓದಲಿ ಬರೆಯಲಿ ನನಗೆ ಅಭ್ಯಂತರ ಇಲ್ಲ ಅಂತ ತೆರೆಯಿರಿ. ತೆರೆದುಕೊಳ್ಳುತ್ತದೆ.

ಆದ್ದರಿಂದ 'ಈ ಲಾಗ್ ಫೈಲ್ ಅನ್‌ಲಾಕ್ ಮಾಡುವ ಸ್ಕ್ರಿಪ್ಟ್ ಬೇಕು' ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ: ನಿಮಗೆ ಓದಬೇಕೋ, ಅಳಿಸಬೇಕೋ? ಓದುವುದಷ್ಟೇ ಆದರೆ ಅನೇಕ ಸಲ ಏನನ್ನೂ ಬಿಡಿಸುವ ಅಗತ್ಯವೇ ಇಲ್ಲ. ಕೇಳುವ ರೀತಿ ಬದಲಿಸಿದರೆ ಸಾಕು.

ಇನ್ನು ಕಾಯುವ ವಿಷಯ. ಆಂಟಿವೈರಸ್, ಹುಡುಕಾಟದ ಇಂಡೆಕ್ಸರ್, ಕ್ಲೌಡ್ ಸಿಂಕ್, ಎಕ್ಸ್‌ಪ್ಲೋರರ್‌ನ ಪ್ರಿವ್ಯೂ, ಇವೆಲ್ಲ ಫೈಲನ್ನು ಹಿಡಿಯುತ್ತವೆ, ಸ್ವಲ್ಪ ಹೊತ್ತಿಗೆ ಬಿಡುತ್ತವೆ. ಹೊಸ ಫೈಲ್ ಬರೆದು ಮುಗಿಸಿದ ಕ್ಷಣಕ್ಕೇ ಅದರ ಹೆಸರು ಬದಲಿಸಲು ಹೋದರೆ ಆಂಟಿವೈರಸ್ ಅದನ್ನು ನೋಡುತ್ತಾ ಇರುತ್ತದೆ. ಅದಕ್ಕೆ ಒಂದರ್ಧ ಸೆಕೆಂಡು ಕೊಡಿ. ನನ್ನ ಸ್ಕ್ರಿಪ್ಟ್ ಮೊದಲು ಕಾಲು ಸೆಕೆಂಡು ಕಾಯುತ್ತದೆ, ಆಮೇಲೆ ಅರ್ಧ, ಒಂದು, ಎರಡು, ನಾಲ್ಕು. ಒಟ್ಟು ಎಂಟು ಸೆಕೆಂಡಿನ ಒಳಗೆ ಬಹುತೇಕ ಜಗಳ ತಾನಾಗಿಯೇ ಬಗೆಹರಿದಿರುತ್ತದೆ.

ಆದರೆ ಎಲ್ಲ ತಪ್ಪಿಗೂ ಕಾಯಬಾರದು. ತಪ್ಪಿನ ಸಂಖ್ಯೆ ನೋಡಬೇಕು. ವಿಂಡೋಸ್‌ನಲ್ಲಿ 32 ಅಂದರೆ ಬೇರೆ ಪ್ರೊಸೆಸ್ ಹಿಡಿದಿದೆ. 33 ಅಂದರೆ ಫೈಲಿನ ಒಂದು ಭಾಗವನ್ನು ಬೇರೆ ಪ್ರೊಸೆಸ್ ಲಾಕ್ ಮಾಡಿದೆ. 5 ಅಂದರೆ ಅನುಮತಿ ಇಲ್ಲ, ಸಾಮಾನ್ಯವಾಗಿ ಅದು ಎಷ್ಟು ಕಾದರೂ ಬರುವುದಿಲ್ಲ. ವಿಂಡೋಸ್‌ನಲ್ಲಿ ಸ್ಕ್ರಿಪ್ಟ್ ಬರೆಯಲು ಬಳಸುವ ಪವರ್‌ಶೆಲ್‌ನಲ್ಲಿ ಈ 32 ನೇರವಾಗಿ ಕಾಣುವುದಿಲ್ಲ. ತಪ್ಪಿನ ಎಚ್‌ರಿಸಲ್ಟ್ ಅನ್ನುವ ಸಂಕೇತ ನೋಡಿದರೆ -2147024864 ಅಂತ ಹೆದರಿಸುವ ಸಂಖ್ಯೆ ಇರುತ್ತದೆ. ಅದನ್ನು 16ರ ಲೆಕ್ಕದಲ್ಲಿ ಬರೆದರೆ 80070020. ಕೊನೆಯ 20 ಇದೆಯಲ್ಲ, ಅದೇ ನಮ್ಮ ಲೆಕ್ಕದ 32. ಸ್ಕ್ರಿಪ್ಟಿನಲ್ಲಿ ಕೊನೆಯ 16 ಬಿಟ್ ಮಾತ್ರ ತೆಗೆದುಕೊಂಡು 32 ಅಥವಾ 33 ಇದ್ದರೆ ಕಾಯಿರಿ, ಬೇರೆ ಏನಿದ್ದರೂ ಅಲ್ಲೇ ನಿಲ್ಲಿಸಿ. ತಪ್ಪಿನ ಸಂದೇಶದ ವಾಕ್ಯವನ್ನು ಹುಡುಕಿ ತೀರ್ಮಾನ ಮಾಡಬೇಡಿ. ವಿಂಡೋಸ್ ಬೇರೆ ಭಾಷೆಯಲ್ಲಿದ್ದರೆ ಆ ವಾಕ್ಯವೇ ಬೇರೆ.

ಕಾಯುವುದಕ್ಕೆ ಮಿತಿಯೂ ಬೇಕು. ಫೈಲ್‌ಗಳನ್ನು ನಕಲು ಮಾಡುವ ವಿಂಡೋಸ್‌ನ ರೋಬೋಕಾಪಿ ಕಮಾಂಡ್ ಎಲ್ಲರಿಗೂ ಗೊತ್ತು ಅಲ್ವಾ? ಹಿಡಿದಿರುವ ಫೈಲ್ ಸಿಕ್ಕರೆ ಅದು ಮತ್ತೆ ಪ್ರಯತ್ನಿಸುತ್ತದೆ. ನೀವು ಏನೂ ಹೇಳದಿದ್ದರೆ ಎಷ್ಟು ಸಲ? 10 ಲಕ್ಷ ಸಲ. ಒಂದು ಸಲಕ್ಕೂ ಇನ್ನೊಂದಕ್ಕೂ ನಡುವೆ 30 ಸೆಕೆಂಡು. ಲೆಕ್ಕ ಹಾಕಿ, 3 ಕೋಟಿ ಸೆಕೆಂಡು, ಅಂದರೆ ಸುಮಾರು 347 ದಿನ. ಒಂದೇ ಒಂದು ಫೈಲಿಗೆ! ಬೆಳಗ್ಗೆ ಬಂದು ನೋಡಿದರೆ ಬ್ಯಾಕಪ್ ಇನ್ನೂ ಮೊದಲ ಫೋಲ್ಡರಿನಲ್ಲೇ ನಿಂತಿದೆ ಅಂತ ತಲೆ ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ. ಆರ್ ಮತ್ತು ಡಬ್ಲ್ಯೂ ಅನ್ನುವ ಎರಡು ಸೂಚನೆಗಳಿವೆ. ಮೂರು ಸಲ, ಐದು ಸೆಕೆಂಡು ಅಂತ ಹೇಳಿಬಿಡಿ. ಇನ್ನೊಂದು ಮಾತು: ರೋಬೋಕಾಪಿಯ ಬ್ಯಾಕಪ್ ಮೋಡ್ ಹಾಕಿದರೆ ಹಿಡಿದಿರುವ ಫೈಲೂ ಬರುತ್ತದೆ ಅಂತ ಹಲವರು ನಂಬಿದ್ದಾರೆ. ಇಲ್ಲ. ಅದು ಅನುಮತಿಯ ಗೋಡೆ ದಾಟುತ್ತದೆ, ಷೇರ್ ಮೋಡ್ ದಾಟುವುದಿಲ್ಲ.

ಕಾದರೂ ಬಿಡಲಿಲ್ಲ ಅನ್ನೋಣ. ಈಗ ಯಾರು ಅಂತ ಕೇಳಬೇಕು.

ಈ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಕೊಟ್ಟಿದ್ದು ಸಿಸ್‌ಇಂಟರ್ನಲ್ಸ್ ಸಲಕರಣೆಗಳು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಶುರು ಮಾಡಿದ್ದು. 2006ರಲ್ಲಿ ಮೈಕ್ರೋಸಾಫ್ಟ್ ಅವರ ಕಂಪನಿಯನ್ನು ಕೊಂಡುಕೊಂಡಿತು. ಪ್ರೊಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ಫೈಲಿನ ಹೆಸರು ಹಾಕಿ ಹುಡುಕಿದರೆ ಯಾರ ಹತ್ತಿರ ಇದೆ ಅಂತ ತೋರಿಸುತ್ತದೆ. ಅದೇ ಕೆಲಸವನ್ನು ಕಮಾಂಡ್ ಸಾಲಿನಿಂದ ಮಾಡಲು ಹ್ಯಾಂಡಲ್ ಅನ್ನುವ ಪುಟ್ಟ ಪ್ರೋಗ್ರಾಂ ಇದೆ. ಏನೂ ಇನ್‌ಸ್ಟಾಲ್ ಮಾಡದೆ ನೋಡಬೇಕು ಅಂದರೆ ವಿಂಡೋಸ್‌ನಲ್ಲೇ ಇರುವ ರಿಸೋರ್ಸ್ ಮಾನಿಟರ್ ತೆರೆದು, ಸಿಪಿಯು ಪುಟದಲ್ಲಿ ಹ್ಯಾಂಡಲ್ ಹುಡುಕುವ ಜಾಗ ನೋಡಿ. ಮೈಕ್ರೋಸಾಫ್ಟ್‌ನ ಸಲಕರಣೆಗಳ ಗುಂಪಾದ ಪವರ್‌ಟಾಯ್ಸ್‌ಗೆ 2022ರಲ್ಲಿ ಫೈಲ್ ಲಾಕ್‌ಸ್ಮಿತ್ ಅಂತ ಒಂದು ಸೇರಿದೆ, ಬಲ ಕ್ಲಿಕ್‌ನಲ್ಲೇ ಕೆಲಸ ಆಗುತ್ತದೆ.

ಈಗ ನನ್ನ ಅನುಭವ. ಒಂದು ಕಚೇರಿಯಲ್ಲಿ ದಾಸ್ತಾನಿನ ಲೆಕ್ಕ ಇಡುವ ಪ್ರೋಗ್ರಾಂ ಇತ್ತು. ಹಗಲು ರಾತ್ರಿ ಓಡುತ್ತಿತ್ತು. ಅದರ ಲಾಗ್ ಫೈಲ್ ದೊಡ್ಡದಾಗುತ್ತಾ ಹೋಯಿತು. ರಾತ್ರಿ ಅದನ್ನು ಬೇರೆ ಕಡೆ ಸಾಗಿಸುವ ಕೆಲಸ ನನಗೆ ಬಂತು. ಪ್ರೋಗ್ರಾಂ ಲಾಗನ್ನು ಬಿಡುತ್ತಿರಲಿಲ್ಲ. ಹ್ಯಾಂಡಲ್ ಪ್ರೋಗ್ರಾಂಗೆ ಒಂದು ಸೂಚನೆ ಇದೆ, ಇನ್ನೊಂದು ಪ್ರೊಸೆಸ್‌ನ ಒಳಗಿರುವ ಹ್ಯಾಂಡಲನ್ನು ಹೊರಗಿನಿಂದ ಮುಚ್ಚಬಹುದು. ಅದನ್ನೇ ಬಳಸಿದೆ. 'ಖಚಿತವೇ' ಅಂತ ಕೇಳದ ಹಾಗೆ ಇನ್ನೊಂದು ಸೂಚನೆಯನ್ನೂ ಸೇರಿಸಿದೆ. ಫೈಲ್ ಬಿಟ್ಟುಕೊಂಡಿತು, ಸಾಗಿಸಿದೆ, ಪ್ರೋಗ್ರಾಂ ಓಡುತ್ತಲೇ ಇತ್ತು. ಒಂದು ವಾರ ಎಲ್ಲ ಚೆನ್ನಾಗಿತ್ತು.

ಆಮೇಲೆ ಒಂದು ಬೆಳಗ್ಗೆ ದತ್ತಾಂಶದ ಫೈಲೊಂದು ತೆರೆಯಲಿಲ್ಲ. ಅದನ್ನು ಬೈಟ್ ಬೈಟ್ ಆಗಿ ನೋಡುವ ಎಡಿಟರಿನಲ್ಲಿ ತೆರೆದೆ. ಫೈಲಿನ ತಲೆಯಲ್ಲಿ ಇರಬೇಕಾದ ಗುರುತು ಇರಲಿಲ್ಲ. ಅದರ ಜಾಗದಲ್ಲಿ ದಿನಾಂಕ, ಗಂಟೆ, ಮತ್ತು 'ಸಂಪರ್ಕ ಸಿಕ್ಕಿತು' ಅನ್ನುವ ಒಂದು ಸಾಲು. ಲಾಗ್ ಸಾಲು, ದತ್ತಾಂಶದ ಫೈಲಿನೊಳಗೆ. ಆ ಸಾಲು ನೋಡಿ ಕೈಕಾಲು ತಣ್ಣಗಾಯಿತು.

ಆಗಿದ್ದು ಇಷ್ಟು. ಲಾಗ್ ಫೈಲಿನ ಹ್ಯಾಂಡಲ್ 420 ಅಂದುಕೊಳ್ಳಿ. ನಾನು ಹೊರಗಿನಿಂದ ಅದನ್ನು ಮುಚ್ಚಿದೆ. ಪ್ರೋಗ್ರಾಂಗೆ ಯಾರೂ ಹೇಳಲಿಲ್ಲ. ಅದರ ನೆನಪಿನಲ್ಲಿ 420 ಅಂದರೆ ಲಾಗ್ ಅಂತಲೇ ಇದೆ. ಸ್ವಲ್ಪ ಹೊತ್ತಿಗೆ ಅದೇ ಪ್ರೋಗ್ರಾಂ ದತ್ತಾಂಶದ ಫೈಲ್ ತೆರೆಯಿತು. ವಿಂಡೋಸ್ ಖಾಲಿ ಇರುವ ಸಂಖ್ಯೆ ಹುಡುಕಿ ಕೊಟ್ಟಿತು: 420. ಆಮೇಲೆ ಲಾಗ್ ಬರೆಯುವ ಭಾಗ ಬಂದು 420ಕ್ಕೆ ಒಂದು ಸಾಲು ಬರೆಯಿತು. ಹೊಸದಾಗಿ ತೆರೆದ ಫೈಲು, ಬರೆಯುವ ಜಾಗ ಮೊದಲ ಬೈಟ್. ನೇರವಾಗಿ ಅದರ ತಲೆಯ ಮೇಲೆ ಬಿತ್ತು. ಹಿಂದಿನ ದಿನದ ಬ್ಯಾಕಪ್ ಇದ್ದದ್ದರಿಂದ ಒಂದು ದಿನದ ಕೆಲಸ ಮಾತ್ರ ಹೋಯಿತು. ಆ ಒಂದು ದಿನದ ಲೆಕ್ಕವನ್ನು ನಾಲ್ಕು ಜನ ಕೂತು ಕಾಗದ ನೋಡಿ ಮತ್ತೆ ತುಂಬಿದರು. ತಪ್ಪು ನನ್ನದು, ದುಡಿದವರು ಅವರು.

ಹ್ಯಾಂಡಲ್ ಪ್ರೋಗ್ರಾಂ ಜೊತೆಗೇ ಎಚ್ಚರಿಕೆ ಬರುತ್ತದೆ, ಹೀಗೆ ಮುಚ್ಚಿದರೆ ಪ್ರೋಗ್ರಾಂ ಅಥವಾ ಇಡೀ ಸಿಸ್ಟಮ್ ಅಸ್ಥಿರ ಆಗಬಹುದು ಅಂತ. ನಾನು ಓದಿದ್ದೆ. ಅಸ್ಥಿರ ಅಂದರೆ ಪ್ರೋಗ್ರಾಂ ಬಿದ್ದುಹೋಗಬಹುದು ಅಂತ ಅರ್ಥ ಮಾಡಿಕೊಂಡಿದ್ದೆ. ಬೀಳದೆ, ತಪ್ಪು ಜಾಗದಲ್ಲಿ ಬರೆಯುತ್ತಾ ಓಡುತ್ತದೆ ಅಂತ ಹೊಳೆದಿರಲಿಲ್ಲ. ಬಿದ್ದಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅದಕ್ಕೇ ಹೇಳುತ್ತೇನೆ, ಹೊರಗಿನಿಂದ ಹ್ಯಾಂಡಲ್ ಮುಚ್ಚುವುದಕ್ಕಿಂತ ಆ ಪ್ರೊಸೆಸನ್ನೇ ನಿಲ್ಲಿಸುವುದು ಎಷ್ಟೋ ವಾಸಿ. ಪ್ರೊಸೆಸ್ ನಿಂತರೆ ಅದರ ಹ್ಯಾಂಡಲ್‌ಗಳೆಲ್ಲ ಒಟ್ಟಿಗೆ ಹೋಗುತ್ತವೆ, ಸುಳ್ಳು ನೆನಪು ಇಟ್ಟುಕೊಂಡು ಯಾರೂ ಉಳಿಯುವುದಿಲ್ಲ.

ಅಂದಿನಿಂದ ನಾನು ಬಳಸುವುದು ರೀಸ್ಟಾರ್ಟ್ ಮ್ಯಾನೇಜರ್. ವಿಂಡೋಸ್ ವಿಸ್ಟಾ ಜೊತೆ ಬಂದದ್ದು, ಈಗಲೂ ಪ್ರತಿ ವಿಂಡೋಸ್‌ನಲ್ಲೂ ಇದೆ. ಹೊಸ ಆವೃತ್ತಿ ಹಾಕುವಾಗ ಇನ್‌ಸ್ಟಾಲರ್‌ಗಳು 'ಈ ಪ್ರೋಗ್ರಾಂಗಳನ್ನು ಮುಚ್ಚಬೇಕು' ಅಂತ ಪಟ್ಟಿ ತೋರಿಸುತ್ತವಲ್ಲ, ಅದರ ಹಿಂದೆ ಇರುವುದು ಇದೇ. ಸ್ಕ್ರಿಪ್ಟಿನಿಂದಲೂ ಕರೆಯಬಹುದು. ಪವರ್‌ಶೆಲ್‌ನ ಆಡ್-ಟೈಪ್ ಕಮಾಂಡ್ ಒಳಗೆ ಸಿ ಶಾರ್ಪ್ ಭಾಷೆಯ ಒಂದು ತುಣುಕು ಹಾಕಿದರೆ ಆಯಿತು, ಹೊರಗಿನ ಸಲಕರಣೆ ಏನೂ ಬೇಡ.

ಕ್ರಮ ಹೀಗಿದೆ. ಮೊದಲು ಒಂದು ಸೆಷನ್ ಶುರು ಮಾಡಿ. ಫೈಲಿನ ಪೂರ್ತಿ ದಾರಿಯನ್ನು ಅದಕ್ಕೆ ಕೊಡಿ. ಆಮೇಲೆ, ಇದನ್ನು ಹಿಡಿದವರ ಪಟ್ಟಿ ಕೊಡು ಅಂತ ಕೇಳಿ. ಪಟ್ಟಿಯನ್ನು ಎರಡು ಸಲ ಕೇಳಬೇಕು. ಮೊದಲನೆಯ ಸಲ ಖಾಲಿ ಕೈಯಲ್ಲಿ ಹೋಗಿ, ಎಷ್ಟು ಜನ ಇದ್ದಾರೆ ಅಂತ ತಿಳಿದುಕೊಳ್ಳಿ. ಆಗ 234 ಅನ್ನುವ ತಪ್ಪು ಬರುತ್ತದೆ, ಅಂದರೆ ಇನ್ನೂ ಇದೆ, ಜಾಗ ಸಾಲದು ಅಂತ. ಎರಡನೆಯ ಸಲ ಅಷ್ಟು ಜಾಗ ಮಾಡಿಕೊಂಡು ಹೋಗಿ. ಈ ಎರಡರ ನಡುವೆ ಇನ್ನೊಬ್ಬರು ಬಂದು ಸೇರಿಕೊಂಡಿರಬಹುದು, ಆಗ ಮತ್ತೆ 234. ಆದ್ದರಿಂದ ಇದನ್ನು ಲೂಪ್‌ನಲ್ಲಿ ಇಡಿ. ಕೊನೆಗೆ ಏನೇ ಆಗಲಿ, ತಪ್ಪು ಬಂದು ಹೊರಬಿದ್ದರೂ ಸರಿ, ಸೆಷನ್ ಮುಚ್ಚಲೇಬೇಕು. ಒಬ್ಬ ಬಳಕೆದಾರನ ಲಾಗಿನ್ ಒಂದರಲ್ಲಿ ಒಟ್ಟು 64 ಸೆಷನ್ ಮಾತ್ರ ತೆರೆದಿರಬಹುದು. ಸ್ಕ್ರಿಪ್ಟ್ ಸಾವಿರ ಫೈಲಿಗೆ ಸಾವಿರ ಸೆಷನ್ ತೆರೆದು ಒಂದನ್ನೂ ಮುಚ್ಚದಿದ್ದರೆ 65ನೆಯದಕ್ಕೇ ಕೈ ಕೊಡುತ್ತದೆ.

ಆ ಪಟ್ಟಿಯಲ್ಲಿ ಬರುವ ವಿವರ ನನಗೆ ತುಂಬಾ ಇಷ್ಟ. ಪ್ರೋಗ್ರಾಂನ ಹೆಸರು ಇರುತ್ತದೆ. ಸರ್ವಿಸ್ ಆಗಿದ್ದರೆ ಸರ್ವಿಸ್ ಹೆಸರು ಇರುತ್ತದೆ. ಅದು ಕಿಟಕಿ ಇರುವ ಪ್ರೋಗ್ರಾಮೋ, ಕನ್ಸೋಲೋ, ಎಕ್ಸ್‌ಪ್ಲೋರರೋ, ಇಲ್ಲಾ ಮುಟ್ಟಲೇಬಾರದ ಸಿಸ್ಟಮ್ ಪ್ರೊಸೆಸ್ಸೋ ಅಂತ ಹೇಳುತ್ತದೆ. ಮುಟ್ಟಬಾರದ್ದು ಅಂತ ಬಂದರೆ ನನ್ನ ಸ್ಕ್ರಿಪ್ಟ್ ಅಲ್ಲಿಗೇ ಕೈ ಮುಗಿದು ನಿಲ್ಲುತ್ತದೆ.

ಇನ್ನೊಂದು ವಿವರ ಇದೆ: ಪ್ರೊಸೆಸ್ ಸಂಖ್ಯೆಯ ಜೊತೆಗೆ ಅದು ಶುರುವಾದ ಸಮಯ. ಸಮಯ ಯಾಕೆ ಬೇಕು? ಪ್ರೊಸೆಸ್ ಸಂಖ್ಯೆಯೂ ಮರುಬಳಕೆ ಆಗುತ್ತದೆ. 5128 ಫೈಲ್ ಹಿಡಿದಿದೆ ಅಂತ ನಿಮಗೆ ಗೊತ್ತಾಯಿತು. ಹತ್ತು ಸೆಕೆಂಡು ಕಾದಿರಿ. ಅಷ್ಟರಲ್ಲಿ ಆ ಪ್ರೊಸೆಸ್ ತಾನಾಗಿ ಮುಗಿದು, ಬೇರೆ ಯಾವುದೋ ಪ್ರೋಗ್ರಾಂಗೆ 5128 ಸಿಕ್ಕಿತು. ಈಗ ನೀವು 5128 ಅನ್ನು ನಿಲ್ಲಿಸಿದರೆ ಸಂಬಂಧವೇ ಇಲ್ಲದವರು ಸಾಯುತ್ತಾರೆ. ಅಪರೂಪಕ್ಕೆ ಆಗುವಂಥದ್ದು, ನಿಜ. ಆದರೆ ದಿನಾ ರಾತ್ರಿ ನೂರಾರು ಯಂತ್ರಗಳಲ್ಲಿ ಓಡುವ ಸ್ಕ್ರಿಪ್ಟಿಗೆ ಅಪರೂಪ ಅನ್ನುವುದೂ ಒಂದು ದಿನ ಬಂದೇ ಬರುತ್ತದೆ. ನಿಲ್ಲಿಸುವ ಮುಂಚೆ ಸಂಖ್ಯೆ, ಶುರುವಾದ ಸಮಯ, ಎರಡೂ ತಾಳೆ ನೋಡಿ.

ಯಾರು ಅಂತ ಗೊತ್ತಾದ ಮೇಲೆ ಮೊದಲು ಕೇಳುವುದು. ಕಿಟಕಿ ಇರುವ ಪ್ರೋಗ್ರಾಂಗೆ ಕ್ಲೋಸ್ ಮೇನ್ ವಿಂಡೋ ಅನ್ನುವ ಕರೆ ಕಳಿಸಿದರೆ, ನೀವೇ ಮೂಲೆಯ ಗುಂಡಿ ಒತ್ತಿದ ಹಾಗೆ. ಅದು ಉಳಿಸಬೇಕಾದ್ದನ್ನು ಉಳಿಸಿಕೊಂಡು ಹೋಗಬಹುದು, ಉಳಿಸಲೇ ಅಂತ ಕೇಳಲೂಬಹುದು. ಸರ್ವಿಸ್ ಆದರೆ ಸರ್ವಿಸ್ ನಿಲ್ಲಿಸುವ ದಾರಿಯಲ್ಲೇ ನಿಲ್ಲಿಸಿ, ಕೆಲಸ ಮುಗಿಸಿ, ಮತ್ತೆ ಶುರು ಮಾಡಿ. ರೀಸ್ಟಾರ್ಟ್ ಮ್ಯಾನೇಜರೇ ಎಲ್ಲರಿಗೂ ಮುಚ್ಚಿಕೊಳ್ಳಿ ಅಂತ ಹೇಳಬಲ್ಲದು. ತಮ್ಮನ್ನು ಮತ್ತೆ ಶುರು ಮಾಡಿ ಅಂತ ಮೊದಲೇ ಹೆಸರು ಬರೆಸಿರುವ ಪ್ರೋಗ್ರಾಂಗಳನ್ನು ಆಮೇಲೆ ಎಬ್ಬಿಸಲೂ ಬಲ್ಲದು.

ಪವರ್‌ಶೆಲ್‌ನ ಸ್ಟಾಪ್-ಪ್ರೊಸೆಸ್ ಕಮಾಂಡಿನ ಹೆಸರು ಕೇಳಿ ಮೋಸ ಹೋಗಬೇಡಿ. ಸ್ಟಾಪ್ ಅಂದರೆ ಮರ್ಯಾದೆಯಿಂದ ನಿಲ್ಲಿಸುವುದು ಅಂತ ನಾನೂ ಅಂದುಕೊಂಡಿದ್ದೆ. ಅದು ಕೇಳುವುದಿಲ್ಲ, ನೇರ ಕೊಲ್ಲುತ್ತದೆ. ವಿಂಡೋಸ್‌ನ ಇನ್ನೊಂದು ಕಮಾಂಡ್ ಟಾಸ್ಕ್‌ಕಿಲ್‌ನ ಹೆಸರಿನಲ್ಲಿ ಕೊಲ್ಲುವುದು ಇದ್ದರೂ, ಎಫ್ ಸೂಚನೆ ಕೊಡದಿದ್ದರೆ ಮೊದಲು ಮುಚ್ಚಿಕೋ ಅಂತ ಹೇಳುತ್ತದೆ. ಕೊಂದಾಗ ಹೋಗುವುದು ಪ್ರೋಗ್ರಾಂ ತನ್ನ ನೆನಪಿನಲ್ಲಿ ಇಟ್ಟುಕೊಂಡು ಇನ್ನೂ ಬರೆಯದೆ ಇದ್ದದ್ದು. ಒಂದು ಫೈಲ್ ಸಾಗಿಸಲು ಒಬ್ಬರ ಎರಡು ಗಂಟೆಯ ಕೆಲಸ ಅಳಿಸಿದರೆ, ಅದು ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಕಣ್ಣಿಗೆ ಕಾಣದ ಎಕ್ಸೆಲ್ ಬಗ್ಗೆ ಒಂದು ಮಾತು. ಸ್ಕ್ರಿಪ್ಟಿನಿಂದ ಎಕ್ಸೆಲ್ ತೆರೆದು, ಹಾಳೆ ಓದಿ, ಕ್ವಿಟ್ ಹೇಳುವುದನ್ನು ಮರೆತರೆ ಆ ಎಕ್ಸೆಲ್ ಹಿನ್ನೆಲೆಯಲ್ಲಿ ಉಳಿದುಬಿಡುತ್ತದೆ. ಕಿಟಕಿ ಇಲ್ಲ, ಆದ್ದರಿಂದ ಮುಚ್ಚಿಕೋ ಅಂದರೆ ಕೇಳಿಸುವುದೂ ಇಲ್ಲ. ನಮ್ಮಲ್ಲಿ ಸ್ಕ್ರಿಪ್ಟ್ ಪ್ರತಿ ಸಲ ಹಿಡಿದವರ ಹೆಸರನ್ನು ಬರೆದಿಡುವಂತೆ ಮಾಡಿದೆವು. ಎರಡು ವಾರದ ಮೇಲೆ ಆ ಪಟ್ಟಿ ನೋಡಿದರೆ, ಜಾಸ್ತಿ ಸಲ ಬಂದಿದ್ದ ಹೆಸರು ನಾವೇ ಬರೆದ ಇನ್ನೊಂದು ಸ್ಕ್ರಿಪ್ಟಿನದು. ಫೈಲ್ ತೆರೆದು ಓದುತ್ತಿತ್ತು, ಮುಚ್ಚುತ್ತಿರಲಿಲ್ಲ. ಅದನ್ನು ಸರಿ ಮಾಡಿದ ದಿನವೇ ಬಿಡಿಸುವ ಕೆಲಸ ಮುಕ್ಕಾಲು ಪಾಲು ಇಳಿಯಿತು. ಹೆಸರು ಬರೆದಿಡಿ. ಸ್ಕ್ರಿಪ್ಟ್ ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಇದೊಂದನ್ನು ಮಾಡಲಿ.

ರೀಸ್ಟಾರ್ಟ್ ಮ್ಯಾನೇಜರ್‌ಗೆ ಮಿತಿಗಳಿವೆ. ಫೈಲ್ ಕೊಟ್ಟರೆ ಹೇಳುತ್ತದೆ, ಫೋಲ್ಡರ್ ಕೊಟ್ಟರೆ ಹೇಳುವುದಿಲ್ಲ. ಫೈಲನ್ನು ನೆಟ್‌ವರ್ಕ್ ಮೂಲಕ ಬೇರೆ ಯಂತ್ರದವರು ತೆರೆದಿದ್ದರೆ ಸರ್ವರಿನಲ್ಲಿ ಕಾಣುವುದು ಸಿಸ್ಟಮ್ ಅನ್ನುವ ಪ್ರೊಸೆಸ್, ಸಂಖ್ಯೆ 4. ಅದನ್ನು ಕೊಲ್ಲಲು ಹೋಗಬೇಡಿ ಅಂತ ಹೇಳಬೇಕಿಲ್ಲ. ಅಲ್ಲಿ ಗೆಟ್-ಎಸ್‌ಎಂಬಿ-ಓಪನ್-ಫೈಲ್ ಕಮಾಂಡ್ ಹಾಕಿದರೆ ಯಾವ ಬಳಕೆದಾರ, ಯಾವ ಯಂತ್ರ ಅಂತ ಬರುತ್ತದೆ. ಫೋನ್ ಮಾಡಿ ಮುಚ್ಚಿ ಅನ್ನಿ. ಅದೇ ಬೇಗ ಮುಗಿಯುವ ದಾರಿ.

ಯಾರೂ ಬಿಡದಿದ್ದರೆ ಇನ್ನೂ ಎರಡು ದಾರಿ ಉಳಿದಿವೆ. ಓಡುತ್ತಿರುವ ಪ್ರೋಗ್ರಾಂನ ಫೈಲನ್ನು ಅಳಿಸಲು ವಿಂಡೋಸ್ ಬಿಡುವುದಿಲ್ಲ, ಆದರೆ ಅದರ ಹೆಸರು ಬದಲಿಸಲು ಬಿಡುತ್ತದೆ. ಹಳೆಯದಕ್ಕೆ ಬೇರೆ ಹೆಸರಿಟ್ಟು ಹೊಸದನ್ನು ಆ ಜಾಗದಲ್ಲಿ ಇಡಬಹುದು, ಮುಂದಿನ ಸಲ ಶುರುವಾದಾಗ ಹೊಸದೇ ಓಡುತ್ತದೆ. ಇನ್ನೊಂದು, ಮುಂದಿನ ಬೂಟ್‌ನಲ್ಲಿ ಅಳಿಸು ಅಂತ ಬರೆದಿಡುವುದು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಇದಕ್ಕೇ ಒಂದು ಪಟ್ಟಿ ಇದೆ, ಬೂಟ್ ಆಗುವಾಗ ಬೇರೆ ಪ್ರೋಗ್ರಾಂಗಳು ಏಳುವ ಮುಂಚೆ ಆ ಕೆಲಸ ನಡೆಯುತ್ತದೆ. ಸಿಸ್‌ಇಂಟರ್ನಲ್ಸ್‌ನ ಮೂವ್‌ಫೈಲ್ ಬರೆಯಲು, ಪೆಂಡ್‌ಮೂವ್ಸ್ ಏನು ಬರೆದಿದೆ ಅಂತ ನೋಡಲು. ಮತ್ತೆ ಬ್ಯಾಕಪ್‌ಗಾಗಿ ನಕಲು ಮಾತ್ರ ಬೇಕಾದರೆ ಶ್ಯಾಡೋ ಕಾಪಿ ಬಳಸಿ. ಇಡೀ ಡ್ರೈವಿನ ಆ ಕ್ಷಣದ ಚಿತ್ರ ಸಿಗುತ್ತದೆ, ಅದರೊಳಗಿಂದ ಫೈಲ್ ತೆಗೆದುಕೊಳ್ಳಬಹುದು. ಯಾರ ಕೈಯನ್ನೂ ಬಿಡಿಸಬೇಕಿಲ್ಲ.

ಲಿನಕ್ಸ್ ಗೆಳೆಯರು ಆಗಿನಿಂದ ಸುಮ್ಮನೆ ಕೂತಿದ್ದೀರಿ. ನಿಮ್ಮಲ್ಲಿ ತೊಂದರೆ ತಿರುವು ಮುರುವು. ಅಲ್ಲಿ ಯಾರು ಹಿಡಿದಿದ್ದರೂ ಫೈಲ್ ಅಳಿಸಬಹುದು. ಅಳಿಸುವುದು ಅಂದರೆ ಹೆಸರು ಅಳಿಸುವುದು ಮಾತ್ರ. ಹಿಡಿದ ಪ್ರೊಸೆಸ್ ಬಿಡುವ ತನಕ ಒಳಗಿನ ಸರಕು ಡಿಸ್ಕಿನಲ್ಲೇ ಇರುತ್ತದೆ. ಡಿಸ್ಕ್ ತುಂಬಿತು ಅಂತ 40 ಜಿಬಿಯ ಲಾಗ್ ಅಳಿಸುತ್ತೀರಿ, ಡಿಸ್ಕಿನ ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡ್ ನೋಡಿದರೆ ಒಂದಿಷ್ಟೂ ಜಾಗ ಬಂದಿರುವುದಿಲ್ಲ. ಫೈಲ್‌ಗಳ ಗಾತ್ರ ಕೂಡಿಸುವ ಡಿಯು ಲೆಕ್ಕ ಬೇರೆ ಹೇಳುತ್ತದೆ. ಆಗ ತೆರೆದಿರುವ ಫೈಲ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಓಎಫ್‌ಗೆ ಪ್ಲಸ್ ಎಲ್ 1 ಕೊಡಿ, ಹೆಸರು ಹೋದರೂ ತೆರೆದೇ ಇರುವ ಫೈಲ್‌ಗಳು ಬರುತ್ತವೆ. ಆ ಪ್ರೊಸೆಸ್‌ಗೆ ಲಾಗನ್ನು ಮತ್ತೆ ತೆರೆ ಅಂತ ಸಿಗ್ನಲ್ ಕಳಿಸಿ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಆದರೆ ಯುಎಸ್‌ಆರ್1 ಸಿಗ್ನಲ್. ಅಂಥ ಸಿಗ್ನಲ್ ಇಲ್ಲದ ಪ್ರೋಗ್ರಾಂ ಆದರೆ ಪ್ರೊಸೆಸ್‌ಗಳ ವಿವರ ಇರುವ ಪ್ರೊಕ್ ಕೆಳಗೆ ಅದರ ಎಫ್‌ಡಿ ಫೋಲ್ಡರಿನಲ್ಲಿ ಆ ಫೈಲಿನ ಸಂಖ್ಯೆ ಹುಡುಕಿ, ಅದರ ಮೂಲಕವೇ ಫೈಲನ್ನು ಸೊನ್ನೆಗೆ ಇಳಿಸಬಹುದು.

ಫೈಲ್ ಹಿಡಿದವರನ್ನು ಹುಡುಕುವ ಫ್ಯೂಸರ್ ಕಮಾಂಡ್ ಬಳಸುವವರು ದಯವಿಟ್ಟು ಕೇಳಿಸಿಕೊಳ್ಳಿ. ಅದರ ಕೆ ಸೂಚನೆಯ ಜೊತೆ ಯಾವ ಸಿಗ್ನಲ್ ಅಂತ ನೀವು ಹೇಳದಿದ್ದರೆ ಅದು ಕಳಿಸುವುದು 9ನೆಯ ಸಿಗ್ನಲ್, ಅಂದರೆ ಕೇಳದೆ ಕೊಲ್ಲುವುದು. ಜೊತೆಗೆ ಸಣ್ಣ ಎಂ ಸೇರಿಸಿದರೆ ಆ ಫೈಲ್ ಇರುವ ಇಡೀ ಫೈಲ್‌ಸಿಸ್ಟಮ್ ಬಳಸುವವರೆಲ್ಲರೂ ಸಿಕ್ಕಿಬೀಳುತ್ತಾರೆ. ಪೆನ್‌ಡ್ರೈವ್ ಬಿಡಿಸಲು ಹೊರಟಿದ್ದೀರಿ ಅನ್ನಿ. ಅದು ಮೌಂಟ್ ಆಗಿಲ್ಲದಿದ್ದರೆ, ಅಂದರೆ ತನ್ನ ಫೋಲ್ಡರಿಗೆ ಜೋಡಣೆ ಆಗಿಲ್ಲದಿದ್ದರೆ, ಆ ಫೋಲ್ಡರ್ ಸೇರಿರುವುದು ಮೂಲ ಡಿಸ್ಕಿಗೆ. ಒಂದು ಎಂಟರ್, ನಿಮ್ಮ ಲಾಗಿನ್ ಸೇರಿ ಎಲ್ಲವೂ ಹೋಗುತ್ತದೆ. ದೊಡ್ಡ ಎಂ ಅನ್ನೂ ಹಾಕಿ. ಕೊಟ್ಟದ್ದು ನಿಜವಾಗಿ ಮೌಂಟ್ ಆದ ಜಾಗ ಆಗಿದ್ದರೆ ಮಾತ್ರ ಆಗ ಅದು ಮುಂದುವರಿಯುತ್ತದೆ. ನಿಲ್ಲು ಅಂತ ಕೇಳುವ ಟರ್ಮ್ ಸಿಗ್ನಲ್ ಅನ್ನು ಹೆಸರಿಸಿ ಕಳಿಸಿ, ಹತ್ತು ಸೆಕೆಂಡು ಕೊಡಿ.

ಲಿನಕ್ಸ್‌ನಲ್ಲಿ ಫೈಲ್ ಲಾಕ್ ಅನ್ನುವುದು ಒಪ್ಪಂದ ಮಾತ್ರ. ಎಲ್ಲರೂ ಕೇಳಿ ಹೋದರೆ ಕೆಲಸ ಮಾಡುತ್ತದೆ, ಕೇಳದವರನ್ನು ತಡೆಯುವುದಿಲ್ಲ. ಕಡ್ಡಾಯ ಲಾಕ್ ಒಂದು ಕಾಲಕ್ಕೆ ಇತ್ತು, ಲಿನಕ್ಸ್‌ನ ತಿರುಳಾದ ಕರ್ನಲ್‌ನ 2021ರ 5.15 ಆವೃತ್ತಿಯಲ್ಲಿ ತೆಗೆದುಹಾಕಿದರು. ನಿಮ್ಮ ಸ್ವಂತ ಸ್ಕ್ರಿಪ್ಟ್‌ಗಳು ಒಂದರ ಮೇಲೊಂದು ಓಡದ ಹಾಗೆ ತಡೆಯಲು ಎಫ್‌ಲಾಕ್ ಕಮಾಂಡ್ ಬಳಸಿ. ಪ್ರೊಸೆಸ್ ಹೇಗೇ ಸತ್ತರೂ ಲಾಕ್ ತಾನಾಗಿ ಬಿಡುತ್ತದೆ. ಸುಮ್ನೆ ಒಂದು ಫೈಲ್ ಇಟ್ಟು ಅದನ್ನೇ ಲಾಕ್ ಅಂತ ನಂಬಿದರೆ, ಕರೆಂಟ್ ಹೋದ ದಿನ ಆ ಫೈಲ್ ಉಳಿದು, ಮರುದಿನದಿಂದ ಯಾವುದೂ ಓಡುವುದಿಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಅದಕ್ಕೆ ಉತ್ತರ ಅಲ್ಲೇ ಸಿಕ್ಕಿತು.

ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು ಕೇಳಿದರು: "ಸರ್, ನನ್ನ ಹತ್ರ ಒಂದು ಖಾಲಿ ಫೋಲ್ಡರ್ ಇದೆ. ಬೆಳಗ್ಗಿಂದ ಅಳಿಸಕ್ಕೆ ಆಗ್ತಿಲ್ಲ. ಒಳಗೆ ಒಂದೂ ಫೈಲ್ ಇಲ್ಲ. ಎಲ್ಲ ಪ್ರೋಗ್ರಾಂ ಮುಚ್ಚಿದ್ದೀನಿ. ಇನ್ಯಾರು ಹಿಡಿದಿರ್ತಾರೆ?"

ಅಳಿಸಲು ಯಾವುದರಿಂದ ಪ್ರಯತ್ನಿಸಿದಿರಿ ಅಂತ ಕೇಳಿದೆ. ಪವರ್‌ಶೆಲ್ ಅಂದರು. ಅದನ್ನು ಎಲ್ಲಿಂದ ತೆರೆದಿರಿ? ಅದೇ ಫೋಲ್ಡರಿನಲ್ಲಿ ಬಲ ಕ್ಲಿಕ್ ಮಾಡಿ ತೆರೆದೆ ಅಂದರು. ಅಲ್ಲಿದ್ದ ಹಲವರು ಅಷ್ಟಕ್ಕೇ ನಕ್ಕರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವುದು ಈ ಕೆಲಸದಲ್ಲಿ ಎಲ್ಲರಿಗೂ ಆಗಿರುವುದೇ. ಪ್ರತಿ ಪ್ರೊಸೆಸ್‌ಗೂ ತಾನು ನಿಂತಿರುವ ಫೋಲ್ಡರ್ ಅಂತ ಒಂದಿರುತ್ತದೆ. ಅದನ್ನು ವಿಂಡೋಸ್ ಅಳಿಸಲು ಬಿಡುವುದಿಲ್ಲ.

"ಆದರೆ ಸರ್, ಸಿಡಿ ಕಮಾಂಡ್ ಹಾಕಿ ಒಂದು ಮೆಟ್ಟಿಲು ಮೇಲೆ ಬಂದಿದ್ದೀನಲ್ಲ? ಆದರೂ ಆಗ್ತಿಲ್ಲ" ಅಂದರು ಅವರು. ಈಗ ನಕ್ಕವರು ಸುಮ್ಮನಾದರು. ಪ್ರಶ್ನೆ ನಿಜವಾಗಿ ಒಳ್ಳೆಯದಿತ್ತು.

ಸಿಡಿ ಅಂದರೆ ನಿಂತಿರುವ ಫೋಲ್ಡರ್ ಬದಲಿಸುವ ಕಮಾಂಡ್. ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಿ ಸಿಡಿ ಹಾಕಿದರೆ ಪ್ರೊಸೆಸ್ಸೇ ಜಾಗ ಬದಲಿಸುತ್ತದೆ. ಪವರ್‌ಶೆಲ್‌ನಲ್ಲಿ ಹಾಗಲ್ಲ. ಅಲ್ಲಿ ಸಿಡಿ ಬದಲಿಸುವುದು ಪವರ್‌ಶೆಲ್ ತನ್ನ ಲೆಕ್ಕದಲ್ಲಿ ಇಟ್ಟುಕೊಂಡಿರುವ ಜಾಗವನ್ನು. ಪ್ರೊಸೆಸ್ ಮಾತ್ರ ಶುರುವಾದ ಫೋಲ್ಡರಿನಲ್ಲೇ ನಿಂತಿರುತ್ತದೆ. ಪರದೆಯ ಮೇಲೆ ಬೇರೆ ಜಾಗ ತೋರಿಸುತ್ತದೆ, ಹಿಡಿತ ಹಳೆಯ ಜಾಗದಲ್ಲೇ ಇರುತ್ತದೆ. ಡಾಟ್ ನೆಟ್‌ನ ಎನ್ವಿರಾನ್‌ಮೆಂಟ್ ಕ್ಲಾಸಿನ ಕರೆಂಟ್ ಡೈರೆಕ್ಟರಿಗೆ ಬೇರೆ ದಾರಿ ಕೊಟ್ಟರೆ ಬಿಡುತ್ತದೆ, ಇಲ್ಲಾ ಆ ಕಿಟಕಿಯನ್ನೇ ಮುಚ್ಚಬೇಕು. ಆ ಕಿಟಕಿಯಿಂದ ನೋಟ್‌ಪ್ಯಾಡ್ ಥರದ್ದೇನಾದರೂ ತೆರೆದಿದ್ದರೆ ಅದೂ ತಾನು ಶುರುವಾದ ಫೋಲ್ಡರನ್ನು ಹಿಡಿದುಕೊಂಡಿರುತ್ತದೆ, ಅದನ್ನೂ ನೋಡಿ ಅಂದೆ.

ಅವರು ನಿಂತಲ್ಲೇ ಲ್ಯಾಪ್‌ಟಾಪ್ ತೆರೆದು ಕಿಟಕಿ ಮುಚ್ಚಿದರು, ಫೋಲ್ಡರ್ ಮೇಲೆ ಡಿಲೀಟ್ ಒತ್ತಿದರು. "ಹೋಯ್ತು ಸರ್" ಅಂದರು.